ಮಾವ ಒಪ್ಪದ ಫ್ಯಾನ್

“ಇನ್ನೂ ತೂಗಾಡ್ತಿದೆ,” ಎಂದರು ಮಾವ.

ಆಗಷ್ಟೇ ಸ್ಟೂಲಿನಿಂದ ಇಳಿದಿದ್ದ ಅಳಿಯ ಸೂರಿನ ಕಡೆ ನೋಡಿದ. ಆಮೇಲೆ ಹೆಂಡತಿಯ ಕಡೆ ನೋಡಿದ. ಅವಳು ಸ್ವಿಚ್ಚಿನ ಪಕ್ಕ ಗೋಡೆಗೊರಗಿ ನಿಂತಿದ್ದಳು.

“ಮತ್ತೆ ಹತ್ತಲಾ ಮಾವ?”

“ಹತ್ತಿ, ಹತ್ತಿ. ಹತ್ತೋದು, ಇಳಿಯೋದು ಎರಡೂ ಚೆನ್ನಾಗಿ ಬರುತ್ತೆ ನಿಮಗೆ. ಮಧ್ಯೆ ಮಾಡೋ ಕೆಲಸ ಒಂದು ಬರಲ್ಲ.”

ಮದುವೆಯಾದಾಗಿನಿಂದ ಮಾವ ಅಳಿಯನನ್ನು ಏಕವಚನದಲ್ಲಿ ಕರೆದವರಲ್ಲ. ಆ ಬಹುವಚನದಲ್ಲೇ ಅವನ ಮಾನ ದಿನವೂ ಹರಾಜಾಗುತ್ತಿತ್ತು. ಅವರು ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ಒಂದು ಗೀರೂ ಬೀಳಿಸದೆ ನಿವೃತ್ತರಾದವರು. ಅಳಿಯ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಬಿಡಿಸಿ ಬಿಸಾಡಿದ್ದನ್ನು ಮಡಚಿಡುವವನು. ಇಂಥವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಅವರು ಹಣೆ ಚಚ್ಚಿಕೊಳ್ಳದ ದಿನವಿಲ್ಲ.

ಹಾಗೆಂದು ತಾತ್ಸಾರ ಅಳಿಯನೊಬ್ಬನಿಗೇ ಮೀಸಲಾಗಿರಲಿಲ್ಲ. ಇತ್ತೀಚೆಗೆ ಎದುರುಮನೆಯವರು ಕೈಬೀಸಿದರೂ ಮಾವ ಗಲ್ಲ ಎತ್ತಿಕೊಂಡು ಸೀದಾ ಹೋಗಿಬಿಡುತ್ತಿದ್ದರು. ಪೇಪರ್ ಓದುವುದು ಮಾಡಲು ಕೆಲಸವಿಲ್ಲದವರ ಚಟವಂತೆ. ಮೊಮ್ಮಗಳು ಗಟ್ಟಿಯಾಗಿ ಓದಿದರೆ ಮಾತ್ರ ಕೇಳಿಸಿಕೊಳ್ಳುತ್ತಿದ್ದರು, ಅವಳ ಉಚ್ಚಾರಣೆ ತಿದ್ದುವ ನೆಪದಲ್ಲಿ. ಟಿವಿಯಲ್ಲಿ ಬರುವವರೆಲ್ಲ ಅವರಿಗೆ ಕತ್ತೆಗಳು.

ಮೊಮ್ಮಗಳೊಬ್ಬಳೇ ಅವರ ಪ್ರಾಣ. ಅವಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವ ಹಕ್ಕು ತಮ್ಮದೆಂದು ಅವರು ಬರೆದಿಟ್ಟುಕೊಂಡವರಂತೆ ಆಡುತ್ತಿದ್ದರು. ರಜೆಗೆ ಮುಂಚೆ ಆ ಸ್ಕೂಟರ್ ಗೇಟಿನ ಕಂಬಕ್ಕೆ ಗುದ್ದಿ ಮಗುವಿನ ಮಂಡಿ ತರಚಿಹೋಗಿತ್ತು. ಬ್ರೇಕ್ ಬಿಗಿ ಮಾಡಿದವನು ಅಳಿಯ. ತಪ್ಪು ಯಾರದೆಂದು ಬೇರೆ ಹೇಳಬೇಕೇ?

“ಇನ್ಮೇಲೆ ಇವರೇ ಬಿಡ್ತಾರೆ ಅಪ್ಪ. ಕೀಲಿ ಕೊಡಿ,” ಎಂದು ಮಗಳು ಅಂದೇ ಕೈಚಾಚಿದ್ದಳು.

“ಈ ಬಟ್ಟೆ ಮಡಚೋ ಕೈಗಾ? ಆ ರಸ್ತೇಲಿ ನಾನು ಕಣ್ಣು ಮುಚ್ಕೊಂಡು ಹೋಗ್ತೀನಿ ಕಣೆ!”

ಅಂದಿನಿಂದ ಮಗು ಯಾರ ಹಿಂದೆ ಕೂರಬೇಕೆಂಬುದೇ ಮನೆಯ ಜಗಳ. ಕೊನೆಗೆ ಮಾವನೇ ಒಂದು ಷರತ್ತು ಹಾಕಿದರು. ನಡುಮನೆಯ ಫ್ಯಾನ್ ಕಟಕಟ ಎಂದು ತೂಗಾಡುತ್ತಿತ್ತಲ್ಲ, ಅಳಿಯ ಅದನ್ನು ನೆಟ್ಟಗೆ ಮಾಡಲಿ. ತಾವು ಸರಿ ಎಂದರೆ ಕೀಲಿ ಅವನದು. ಮನೆಯ ಫ್ಯಾನನ್ನೇ ಹದ್ದುಬಸ್ತಿನಲ್ಲಿಡಲಾರದವನು ರಸ್ತೆಯಲ್ಲಿ ಮಗುವನ್ನು ಹೇಗೆ ಕಾಯುತ್ತಾನೆ? ನಾಳೆ ಶಾಲೆ ಶುರು. ಇವತ್ತೇ ತೀರ್ಮಾನವಾಗಬೇಕಿತ್ತು.

ಅಳಿಯ ಮತ್ತೆ ಸ್ಟೂಲ್ ಹತ್ತಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿತು. ಸ್ವಲ್ಪ ಸುಣ್ಣದ ಪುಡಿ ಉದುರಿ ಮಾವನ ಆರಾಮ ಕುರ್ಚಿಯ ಪಕ್ಕದಲ್ಲಿ ಬಿತ್ತು.

“ಹಾಕು,” ಎಂದ.

ಹೆಂಡತಿ ಸ್ವಿಚ್ ಒತ್ತಿದಳು. ಗಿರ್ರೆಂದು ಗಾಳಿ ಎದ್ದು ಮಾವನ ಬಿಳಿಗೂದಲು ಹಾರಿತು.

“ಸದ್ದು ನಿಂತಿದೆಯಲ್ಲ ಮಾವ?”

“ಸದ್ದು ನಿಂತರೆ ಆಯ್ತಾ? ನಾನೇನು ಕಿವೀಲಿ ನೋಡ್ತೀನಾ? ನಿಲ್ಲಿಸಮ್ಮ.”

ಮಗಳು ಸ್ವಿಚ್ ಆರಿಸಿದಳು. ಗಾಳಿ ನಿಂತಿತು. ಮಾವ ಕುರ್ಚಿಗೆ ತಲೆಯಾನಿಸಿ, ಪರೀಕ್ಷೆಗೆ ಬಂದ ಅಧಿಕಾರಿಯ ಹಾಗೆ ಬೆರಳು ಮೇಲೆ ಮಾಡಿದರು.

“ಬಾಗಿಲ ಕಡೆ ನಿಂತಿದೆಯಲ್ಲ, ಆ ರೆಕ್ಕೆ. ಉಳಿದೆರಡಕ್ಕಿಂತ ಜೋತಿದೆ. ಕಾಣಿಸಲ್ವಾ ಅಳಿಯಂದಿರಿಗೆ?”

ಅಳಿಯ ಬಹಳ ಹೊತ್ತು ಮೇಲೆ ನೋಡಿದ.

“ಇಲ್ಲ ಮಾವ. ನನಗೆ ಕಾಣಿಸ್ತಿಲ್ಲ.”

“ಹೆಂಗೆ ಕಾಣುತ್ತೆ! ದೇವರು ಕಣ್ಣು ಕೊಟ್ಟ, ನೋಡೋಕೆ ಕಲಿಸಲಿಲ್ಲ.” ಮಾವ ಮನಸಾರೆ ನಕ್ಕರು. ಇಷ್ಟು ಖುಷಿ ಅವರಿಗೆ ಈಚೆಗೆ ಸಿಕ್ಕಿರಲಿಲ್ಲ. “ನಿಮಗೆ ಮಗೂನ ಒಪ್ಪಿಸಬೇಕಂತೆ. ಎದುರಿಗೆ ಲಾರಿ ಬಂದರೂ ಕಾಣಿಸ್ತಿಲ್ಲ ಮಾವ ಅಂತೀರಿ.”

ಬೇರೆ ಯಾವ ಗಂಡಸಾದರೂ ಸ್ಪ್ಯಾನರ್ ಬಿಸಾಕಿ ಹೊರಟುಬಿಡುತ್ತಿದ್ದ. ಈ ಅಳಿಯ ತಲೆ ತಗ್ಗಿಸಿ ನಿಂತ. ಅಷ್ಟೂ ಬೆನ್ನುಮೂಳೆ ಇಲ್ಲದ ಆಸಾಮಿ!

ಮಗಳು ಕುರ್ಚಿಯ ಬಳಿ ಬಂದು ಕುಳಿತಳು. ಅಪ್ಪನ ಮಂಡಿಯ ಮೇಲೆ ಕೈಯಿಟ್ಟಳು.

“ಅಪ್ಪ, ನನಗೋಸ್ಕರ ಇನ್ನೊಂದೇ ಒಂದು ಸಲ ನೋಡಿ. ಸರಿಯಾಗಿ ನೋಡಿ ಹೇಳಿ. ನಿಮ್ಮ ದಮ್ಮಯ್ಯ.”

ಗಂಡನಿಗಾಗಿ ಹೀಗೆ ಅಂಗಲಾಚುತ್ತಾಳಲ್ಲ ಎಂದು ಮಾವನಿಗೆ ಹೇಸಿಗೆಯಾಯಿತು. ಆದರೂ ಮಗಳು ಕೇಳಿದ್ದಕ್ಕೆ ಮುಖ ಮೇಲೆತ್ತಿದರು. ಬೇಕೆಂದೇ ತಡ ಮಾಡಿದರು.

“ಜೋತಿದೆ,” ಎಂದರು. “ಮಗಳು ಅಳಿಯ ಅಂತ ನಾನು ಸುಳ್ಳು ಹೇಳೋನಲ್ಲ. ಎದುರಿಗೇ ಕಾಣ್ತಿದೆ, ರೆಕ್ಕೆ ಜೋತಿದೆ.”

ಮಗಳು ಬಿಕ್ಕಿದಳು. ಅವರ ಅಂಗಿಯ ಜೇಬಿಗೆ ಕೈಹಾಕಿ ಸ್ಕೂಟರಿನ ಕೀಲಿ ತೆಗೆದುಕೊಂಡಳು.

“ಏ, ಇದೇನಿದು? ಮಾತು ಅಂದ್ರೆ ಮಾತು! ಫ್ಯಾನ್ ಸರಿಯಾಗಿಲ್ಲ!” ಮಾವ ಕುರ್ಚಿಯಿಂದ ಅರ್ಧ ಎದ್ದು ಗುಡುಗಿದರು.

ಅಳಿಯ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಆ ಫ್ಯಾನನ್ನು ಬೆಳಿಗ್ಗೆ ಮಾವ ಸ್ನಾನಕ್ಕೆ ಹೋಗಿದ್ದಾಗಲೇ ಗಂಡ ಹೆಂಡತಿ ಸೇರಿ ಕಳಚಿ ರಿಪೇರಿ ಅಂಗಡಿಗೆ ಕೊಟ್ಟು ಬಂದಿದ್ದರು; ಗಾಳಿ ಬೀಸಿದ್ದು ಕಪಾಟಿನ ಮೇಲಿಟ್ಟಿದ್ದ ಟೇಬಲ್ ಫ್ಯಾನ್, ಸೂರಿನಲ್ಲಿದ್ದದ್ದು ಬರೀ ಕೊಕ್ಕೆ.