ಚೆನ್ನಯನ ಬಲಗಣ್ಣು

ಚೆನ್ನಯ ಹೊಡೆದ ಈ ಗುಂಡೂ ಗುರಿಗಿಂತ ಕೆಳಗೇ ಬಿತ್ತು. ವೆಲ್ಡಿಂಗ್ ಕಿಡಿ ಸಿಡಿದಿದ್ದ ಬಲಗಣ್ಣಿನ ಪಟ್ಟಿಯನ್ನು ಡಾಕ್ಟರು ನಿನ್ನೆಯಷ್ಟೇ ಬಿಚ್ಚಿದ್ದರು. ಕಣ್ಣು ನೆಟ್ಟಗಿದೆಯೇ, ಶಹಾಡ್‌ನ ಕಾರ್ಖಾನೆಯ ವೆಲ್ಡಿಂಗ್ ಕೆಲಸಕ್ಕೆ ಇನ್ನು ಹೋಗಬಲ್ಲೆನೇ ಎಂದು ತಿಳಿಯಲು, ದುರ್ಬೀನು ಜೋಡಿಸಿದ ಹಳೆಯ ಏರ್‌ಗನ್ ಹಿಡಿದು ಚಾಳಿನ ಹಿತ್ತಲಿಗೆ ಬಂದಿದ್ದ. ಕೂರಲಾಗದೆ, ನಿಲ್ಲಲಾಗದೆ ಚಡಪಡಿಸಿ ಕೊನೆಗೆ ಹೆಂಡತಿಯನ್ನು ಕರೆದ.

"ಲೋಲಾ, ನೀನೊಮ್ಮೆ ಹೊಡಿ."

"ನಂಗೆಂತ ಗೊತ್ತುಂಟು?"

"ದುರ್ಬೀನಿನ ಗೀಟು ಕಪ್ಪು ಬೊಟ್ಟಿನ ಮೇಲೆ ಬಂದಾಗ ಕುದುರೆ ಎಳಿ, ಅಷ್ಟೇ."

ಲೋಲಾಕ್ಷಿಯ ಗುಂಡೂ ಬೊಟ್ಟಿನ ಕೆಳಗೆ, ಅವನ ಗುಂಡುಗಳ ತೂತುಗಳ ಪಕ್ಕದಲ್ಲೇ ಬಿತ್ತು. ಚೆನ್ನಯ ಕೋವಿಯನ್ನು ಕಸಿದುಕೊಂಡು ಅಡ್ಡ ಹಿಡಿದು ನೋಡಿದ. ಗುಂಡು ತುಂಬಲು ಮಡಚುವ ಕೀಲಿನ ಬಳಿ ನಳಿಕೆ ತುಸುವೇ ಕೆಳಕ್ಕೆ ಬಾಗಿತ್ತು. ದುರ್ಬೀನು ಮಾತ್ರ ನೇರವಾಗಿತ್ತು.

"ನಳಿಕೆ ತಗ್ಗಿದ್ದು ಮಾರಾಯ್ತಿ! ನನ್ನ ಕಣ್ಣಿಗೆ ಏನೂ ಆಗ್ಲಿಲ್ಲ!"

ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರನ್ನೂ ಹಾಕದ ಲೋಲಾಕ್ಷಿ ಅಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.