ಅಳತೆಗೊಬ್ಬ ಹೆಂಡತಿ

“ಇನ್ನೂ ಹಿಂದೆ... ಇನ್ನೂ... ಹಾಂ, ಆ ಕಂಬದ ಬುಡದಲ್ಲಿ ನಿಲ್ಲು. ಮುಖ ಆ ಕಡೆ ಇರಲಿ!” ಎಂದು ಗಂಡ ಕೂಗಿದ.

ಹೆಂಡತಿ ನಿಂತಳು. ಮದುವೆಯಾದಾಗಿನಿಂದ ಅವಳಿಗೆ ಇದೇ ಉದ್ಯೋಗ. ಗಂಡನಿಗೆ ಊರೂರು ತಿರುಗಿ ಹೊಸ ಕಾಲದ ಕಟ್ಟಡಗಳ ಫೋಟೋ ತೆಗೆಯುವ ಹುಚ್ಚು. ಕಟ್ಟಡ ಎಷ್ಟು ದೊಡ್ಡದೆಂದು ಗೊತ್ತಾಗಲು ಅದರ ಬುಡದಲ್ಲಿ ಅಳತೆಗೆಂದು ಯಾರಾದರೊಬ್ಬರು ಇರಬೇಕಂತೆ. ಮುಖ ಕಂಡರೆ ನೋಡುವವರ ಗಮನ ಅತ್ತ ಹೋಗುತ್ತದೆಂದು ಬೆನ್ನು ಮಾತ್ರ.

ಈ ಗಾಜಿನ ಗೋಪುರಕ್ಕಾಗಿ ಅವನು ರೈಲು, ಬಸ್ಸು ಬದಲಿಸಿ, ಮೈಕೈ ನೋಯಿಸಿಕೊಂಡು ಬಂದಿದ್ದ. ಇಳಿಬಿಸಿಲು ತಾಗಿ ಗೋಪುರ ಹೊನ್ನಿನ ಹಾಗೆ ಹೊಳೆಯುತ್ತಿತ್ತು. ಸ್ವಲ್ಪ ತಡವಾದರೂ ಆ ಬೆಳಕು ಸಿಗದು. ಇನ್ನೇನು ಬಟನ್ ಒತ್ತಬೇಕು, ಲೆನ್ಸಿಗೆ ಒಂದು ಅಂಗೈ ಅಡ್ಡ ಬಂತು.

“ಕಟ್ಟಡದ ಫೋಟೋ ತೆಗಿಯೋ ಹಾಗಿಲ್ಲ ಸಾರ್,” ಎಂದ ಸೆಕ್ಯುರಿಟಿಯವನು. “ಮನೆಯವರದ್ದಾದ್ರೆ ತೆಗೀಬಹುದು. ಹಿಂದೆ ಕಟ್ಟಡ ಬಂದ್ರೂ ಪರವಾಗಿಲ್ಲ.”

ಗಂಡನಿಗೆ ಹೋದ ಜೀವ ಬಂದಂತಾಯಿತು. “ಮನೆಯವರದ್ದೇ ಕಣಪ್ಪಾ! ಅಲ್ನೋಡು, ನನ್ನ ಹೆಂಡ್ತಿ.”

ಸೆಕ್ಯುರಿಟಿಯವನು ಹಣೆಗೆ ಕೈ ಅಡ್ಡ ಹಿಡಿದು ನೋಡಿದ. “ಹೆಂಡ್ತೀನ ಅಷ್ಟು ದೂರ ನಿಲ್ಲಿಸ್ತಾರಾ ಸಾರ್? ಬೆನ್ನು ಬೇರೆ ತಿರುಗಿಸಿದಾರೆ. ಕ್ಯಾಮೆರಾದಲ್ಲಿ ಅವರ ಬೇರೆ ಫೋಟೋ ಇದ್ರೆ ತೋರ್ಸಿ, ನಂಬ್ತೀನಿ.”

“ಅದಕ್ಕೇನು, ಬೇಕಾದಷ್ಟಿವೆ!” ಎಂದು ಗಂಡ ಉತ್ಸಾಹದಿಂದ ಒಂದೊಂದೇ ತೋರಿಸತೊಡಗಿದ. ಅಲೆಯಂಥ ಛಾವಣಿಯ ಗ್ರಂಥಾಲಯ, ತೂಗುಸೇತುವೆ, ಮೊಟ್ಟೆಯಾಕಾರದ ಸಭಾಂಗಣ.

“ಇದ್ಯಾರು?”

“ಅವಳೇ.”

“ಇದು?”

“ಅವಳೇ, ಕೊಡೆ ಹಿಡಿದಿದಾಳೆ.”

“ಇದು?”

ಗಂಡ ಕಣ್ಣು ಕಿರಿದು ಮಾಡಿದ. “ಇದು... ಕಸದ ಡಬ್ಬಿ. ಪಕ್ಕದಲ್ಲಿ ಕೆಂಪು ಸ್ವೆಟರ್ ಹಾಕ್ಕೊಂಡಿರೋಳು ಅವಳು.”

“ಅದು ನಾನಲ್ಲ,” ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಹೆಂಡತಿ ಯಾವಾಗ ಬಂದು ನಿಂತಿದ್ದಳೋ! “ಆವತ್ತು ನಂಗೆ ಜ್ವರ, ರೂಮಲ್ಲಿ ಮಲಗಿದ್ದೆ. ಯಾರ್ರೀ ಇವಳು?”

ಗಂಡ ಫೋಟೋ ದೊಡ್ಡದು ಮಾಡಿ ನೋಡಿದ. ಅವಳು ಯಾರೋ ದಾರಿಹೋಕಳು. ಅಷ್ಟು ದಿನ ಅವನು ಅವಳನ್ನೇ ಹೆಂಡತಿ ಎಂದುಕೊಂಡು ಎಲ್ಲರಿಗೂ ತೋರಿಸುತ್ತಿದ್ದ.

“ಅಮ್ಮಾ, ನೀವೇ ಹೇಳಿಬಿಡಿ. ಇವರು ನಿಮ್ಮ ಯಜಮಾನ್ರಾ?” ಎಂದು ಸೆಕ್ಯುರಿಟಿಯವನು ಕೇಳಿದ.

ಇಂಥ ಅವಕಾಶ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. “ಮುಖ ಕಾಣೋ ಹಾಗೆ ನಂದೊಂದು ಫೋಟೋ ತೆಗೀಲಿ. ಆಮೇಲೆ ಹೇಳ್ತೀನಿ.”

ಬಿಸಿಲು ಜಾರುತ್ತಿತ್ತು. ಗಂಡ ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿದ. ಅಭ್ಯಾಸಬಲ, ಅವಳು ಬೆನ್ನು ತಿರುಗಿಸಿದಳು.

“ಈ ಕಡೆ ಅಮ್ಮಾ, ಈ ಕಡೆ!” ಎಂದು ಸೆಕ್ಯುರಿಟಿಯವನು ಚೀರಿದ.

ಇಡೀ ಕಟ್ಟಡವನ್ನು ನುಂಗುವ ಲೆನ್ಸು ಅದು. ಮುಖ ತುಂಬಿಕೊಳ್ಳಬೇಕೆಂದರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಗಂಡ ಹೋದ. ಕಿವಿಯ ಪಕ್ಕ ಬೆಳ್ಳಗಾದ ಕೂದಲು, ಕಣ್ಣ ಕೆಳಗೆ ಸಣ್ಣ ಗೆರೆಗಳು. ಇವೆಲ್ಲ ಯಾವಾಗ ಬಂದವು? ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

“ಈ ಬಿಳಿ ಕೂದಲು ಯಾವಾಗ ಬಂತೇ?” ಎಂದು ಮೆಲ್ಲಗೆ ಕೇಳಿದ.

“ನೀವು ಆ ಸೇತುವೆ ತೆಗೀತಿದ್ರಲ್ಲ, ಆವಾಗ.”

ಕ್ಲಿಕ್ ಆಯಿತು. ಗೋಪುರದ ಹೊಳಪು ಆರಿದ್ದು ಅವನಿಗೆ ತಿಳಿಯಲೇ ಇಲ್ಲ.

ಹೆಂಡತಿ ಕ್ಯಾಮೆರಾ ಇಸಿದುಕೊಂಡು ತುಂಬ ಹೊತ್ತು ನೋಡಿದಳು. ಫೋಟೋದಲ್ಲಿ ಅವಳ ಮುಖ ಬಿಟ್ಟರೆ ಇನ್ನೇನೂ ಇರಲಿಲ್ಲ. ಕಣ್ಣು ಒದ್ದೆಯಾಯಿತು. “ಹೂಂ, ನಮ್ಮವರೇ,” ಎಂದು ಸೆಕ್ಯುರಿಟಿಯವನಿಗೆ ಹೇಳಿ ಗಂಡನ ಕಡೆ ತಿರುಗಿದಳು.

“ಅಲ್ರೀ, ಇದಕ್ಕೆ ಇಷ್ಟೆಲ್ಲ ಊರು ಸುತ್ತಬೇಕಿತ್ತಾ? ಮನೇಲೇ ತೆಗೀಬಹುದಿತ್ತಲ್ಲ!”