ಸದ್ದಿಲ್ಲದ ಕಾರು

ಕಾರಿನ ಸದ್ದು ನಿಲ್ಲಿಸಲು ಸಕಲೇಶಪುರದ ಗ್ಯಾರೇಜಿನವನು ನಲವತ್ತು ಸಾವಿರ ಎಂದ. ಎಂಜಿನ್ ಇಳಿಸಿ ಬಿಚ್ಚಬೇಕಂತೆ. ಹಾಸನದವನು ಬಾನೆಟ್ಟನ್ನೂ ಪೂರ್ತಿ ಎತ್ತದೆ ಎಪ್ಪತ್ತು ಎಂದ. ಅದಕ್ಕೆ ಇನ್ನಷ್ಟು ಸೇರಿಸಿದರೆ ಇಂಥದೇ ಇನ್ನೊಂದು ಹಳೆ ಕಾರು, ಅದರದೇ ಬೇರೆ ಸದ್ದಿನ ಸಮೇತ ಬರುತ್ತದೆ ಎಂದು ತೋಟದ ಒಡತಿ ಸುಮಿತ್ರಮ್ಮ ಲೆಕ್ಕ ಹಾಕಿದರು. ಕಾಫಿ ಕೊಯ್ಲಿನ ಕಾಲ. ಕೈಯಲ್ಲಿದ್ದ ದುಡ್ಡೆಲ್ಲ ಆಳುಗಳ ದಿನಗೂಲಿಗೇ ಬೇಕು. ಕಡೆಗೆ ಏರು ಕಂಡರೆ ಟಕ ಟಕ ಎಂದು ಬಡಿದುಕೊಳ್ಳುವ ಕಾರನ್ನು ಬಾಳ್ಳುಪೇಟೆಯ ಮೆಕ್ಯಾನಿಕ್ ಅಬ್ದುಲ್ ವಹಾಬನ ಶೆಡ್ಡಿಗೆ ತಂದು ನಿಲ್ಲಿಸಿದರು.

ಜೊತೆಗೆ ಬಂದಿದ್ದವನು ತೋಟದ ರೈಟರ್ ಲಿಂಗಪ್ಪ. ಆಳುಗಳಿಂದ ಕೆಲಸ ಮಾಡಿಸುವುದು ಅವನ ಜವಾಬ್ದಾರಿ. ಕಾರು ರಿಪೇರಿ ಮಾಡಿಸುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ.

"ಬುಡಿ ಅಮ್ಮಾರೇ, ವಯಸ್ಸಾದ ಗಾಡಿ. ಮನ್ಸ್ರಿಗೆ ಮಂಡಿ ಸದ್ದು ಮಾಡಲ್ವಾ? ಹಂಗೇ ಇದೂನು."

"ನಿನ್ ಮಂಡಿ ಸದ್ದು ಆಲೂರಿನ್ ತಂಕ ಕೇಳ್ಸಲ್ಲ ಕಣೋ."

"ಕೇಳ್ಸಿದ್ರೆ ಏನ್ ಲಾಸು? ಅಮ್ಮಾರು ಬಂದ್ರು ಅಂತ ಒಂದ್ ಗತ್ತು ಇರ್ತೈತೆ."

"ನೀವೊಂದ್ ಗಳಿಗೆ ಸುಮ್ನಿರಿ ಮಾರಾಯ್ರೇ, ಕಾರು ಮಾತಾಡ್ಲಿ," ಎಂದ ವಹಾಬ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದ. ತಲೆ ಅಲ್ಲಾಡಿಸಿದ. ಆಮೇಲೆ ಸುಮಿತ್ರಮ್ಮನಿಗೆ ಬ್ರೇಕ್ ತುಳಿದು, ಗೇರ್ ಹಾಕಿ, ಕ್ಲಚ್ಚನ್ನು ಸ್ವಲ್ಪವೇ ಬಿಡಲು ಹೇಳಿದ. ಇಡೀ ಎಂಜಿನ್ನೇ ಎಗರಿ ಟಕ್ಕೆಂದು ಬಡಿಯಿತು.

"ನೋಡಿದ್ರಾ? ಒಳಗೇನೂ ಆಗಿಲ್ಲ. ಎಂಜಿನ್ ಕೂರೋ ರಬ್ಬರ್ ಹರಿದೋಗೈತೆ. ಕಬ್ಬಿಣಕ್ಕೆ ಕಬ್ಬಿಣ ಬಡೀತೈತೆ, ಅಷ್ಟೇ. ಕೂಲಿ ಸೇರಿ ನಾಲ್ಕು ಸಾವಿರ ಕೊಡಿ."

"ಹಂಗಾದ್ರೆ ಆ ಎಪ್ಪತ್ತು ಸಾವಿರ ಯಾವುದಕ್ಕೆ ವಹಾಬಣ್ಣ?"

"ಅವ್ರು ಮನೆ ಕಟ್ತಾವ್ರೆ ಅಮ್ಮಾರೇ. ನಂದು ಕಟ್ಟಿ ಆಗೈತೆ, ಅದ್ಕೇ ನಿಜ ಹೇಳ್ತಿದೀನಿ."

ರಬ್ಬರ್ ಹಾಸನದಿಂದ ಬರಬೇಕು, ನಾಳೆಯೇ ಆಗುವುದು ಎಂದು ಕೇಳಿದ್ದೇ ಲಿಂಗಪ್ಪ ಬಸ್ಸು ಹತ್ತಿ ತೋಟಕ್ಕೆ ಹೋದ. ಸುಮಿತ್ರಮ್ಮ ಪೇಟೆಯಲ್ಲಿ ನೆಂಟರ ಮನೆಯಲ್ಲಿ ಉಳಿಯುವವರಿದ್ದರು. ಆದರೆ ವಹಾಬ ಫೋನು ಮಾಡಿದ್ದರಿಂದ ರಬ್ಬರ್ ಮುಂದಿನ ಬಸ್ಸಿನಲ್ಲೇ ಕಂಡಕ್ಟರನ ಕೈಯಲ್ಲಿ ಬಂದಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಕಾರು ಏರು ಹತ್ತಿದರೆ ಎಣ್ಣೆಯಲ್ಲಿ ಜಾರಿದಂತಿತ್ತು. ಸುಮಿತ್ರಮ್ಮ ಖುಷಿಯಿಂದ ನೇರ ತೋಟಕ್ಕೇ ಬಂದರು. ಗೇಟು ದಾಟಿ, ಏರಿನ ತಿರುವಿನಲ್ಲಿ ಕಾರು ನಿಲ್ಲಿಸಿ, ಕೊಯ್ಲು ನಡೆಯುತ್ತಿದ್ದ ಕಡೆಗೆ ನಡೆದರು.

ನಗು ಕೇಳಿಸಿತು. ಕಾಫಿ ಗಿಡದ ಮರೆಯಿಂದ ಇಣುಕಿದರು. ಆಳುಗಳು ನೆರಳಲ್ಲಿ ಕೂತಿದ್ದರು. ಸೊಂಟಕ್ಕೆ ಕಟ್ಟಿದ ಚೀಲಗಳು ಬರಿದಾಗಿದ್ದವು. ನಡುವೆ ಅವರಲ್ಲೊಬ್ಬಳಾದ ದ್ಯಾವಮ್ಮ, ಇಲ್ಲದ ಸ್ಟೇರಿಂಗನ್ನು ತಿರುಗಿಸುತ್ತಾ, "ಟಕ ಟಕ ಟಕ" ಎಂದು ಬಾಯಲ್ಲೇ ಕಾರು ಓಡಿಸಿಕೊಂಡು ಬಂದು ನಿಂತಳು. ಸೊಂಟಕ್ಕೆ ಕೈಯಿಟ್ಟು, ಥೇಟ್ ಸುಮಿತ್ರಮ್ಮನ ದನಿಯಲ್ಲಿ, "ನನ್ ತೋಟ್ದಲ್ಲಿ ಆಗೋ ಕೆಲ್ಸ ಇಡೀ ತಾಲ್ಲೂಕಲ್ಲೇ ಆಗಲ್ಲ ಕಣ್ರೇ!" ಎಂದಳು.

"ಎಲ್ಲಾ ನಿಮ್ ಪುಣ್ಯ ಅಮ್ಮಾರೇ!" ಎಂದು ಕೈಮುಗಿದು ಬಾಗಿದವನು ಲಿಂಗಪ್ಪ. ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾಳೆಯಿಂದ ಸದ್ದೇ ಇರಲ್ವಂತಲ್ಲ ರೈಟ್ರೇ, ಏನ್ ಮಾಡದು?" ಎಂದು ಯಾರೋ ಕೇಳಿದರು.

"ಗೇಟ್ ತಾವ ಒಬ್ಬನ್ನ ಕಾಯಕ್ಕೆ ಕೂರ್ಸದು. ಅವನ್ ಕೂಲೀನೂ ಅಮ್ಮಾರ ಲೆಕ್ಕಕ್ಕೇ."

ಸುಮಿತ್ರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ಗಿಡದಲ್ಲಿ ಹಣ್ಣು ಕಪ್ಪಾಗುತ್ತಿದೆ. ಪಕ್ಕದ ತೋಟದವನ ಪಿಕಪ್ಪು ದಿನಾ ಬೆಳಿಗ್ಗೆ ಆಳುಗಳಿಗಾಗಿ ರಸ್ತೆಯಲ್ಲಿ ಕಾದು ನಿಂತಿರುತ್ತದೆ. ಅಲ್ಲಿ ಮಧ್ಯಾಹ್ನಕ್ಕೆ ಕೋಳಿಸಾರು ಬೇರೆ. ಈಗ ಬೈದರೆ ನಾಳೆ ಇವರೆಲ್ಲ ಆ ಪಿಕಪ್ಪಿನಲ್ಲಿರುತ್ತಾರೆ. ಕಣ್ಣಾರೆ ಕಂಡೂ ಬೈಯದಿದ್ದರೆ ನಾಳೆಯಿಂದ ತಾವು ಬಂದರೂ ಯಾರೂ ಎದ್ದು ನಿಲ್ಲುವುದಿಲ್ಲ. ಉಳಿದದ್ದು ಒಂದೇ ದಾರಿ: ತಾವು ಇಲ್ಲಿಗೆ ಬಂದೇ ಇಲ್ಲ.

ಸೀರೆ ಎತ್ತಿ ಹಿಡಿದು, ತರಗೆಲೆ ಸದ್ದಾಗದಂತೆ ತುದಿಗಾಲಲ್ಲಿ, ತಮ್ಮದೇ ತೋಟದಲ್ಲಿ ಕಳ್ಳಿಯಂತೆ ಸುಮಿತ್ರಮ್ಮ ಹಿಂದಕ್ಕೆ ನಡೆದರು. ಕಾರನ್ನು ಸ್ಟಾರ್ಟ್ ಮಾಡದೆ, ನ್ಯೂಟ್ರಲ್ಲಿಗೆ ಹಾಕಿ, ಇಳಿಜಾರಿನಲ್ಲಿ ಗೇಟಿನವರೆಗೂ ಹಿಂದಕ್ಕೆ ಜಾರಲು ಬಿಟ್ಟರು. ಅಲ್ಲಿಂದ ಎಂಜಿನ್ ಚಾಲೂ ಮಾಡಿ, ಹಾರನ್ ಮೇಲಿಟ್ಟ ಕೈಯನ್ನು ತೆಗೆಯದೆ ಮೇಲಕ್ಕೆ ಬಂದರು.

ಬಂದು ನೋಡಿದರೆ ಒಬ್ಬೊಬ್ಬರ ಕೈಯೂ ಒಂದೊಂದು ರೆಂಬೆಯಲ್ಲಿ. ದ್ಯಾವಮ್ಮನಂತೂ ತಲೆಯನ್ನೇ ಎತ್ತಲಿಲ್ಲ. ಲಿಂಗಪ್ಪ ಓಡಿ ಬಂದ.

"ಇವತ್ತೇ ಬಂದ್ಬುಟ್ರಾ ಅಮ್ಮಾರೇ! ಹಾರನ್ ಯಾಕ್ ಅಷ್ಟೊಂದು ಹೊಡುದ್ರಿ?"

"ದಾರೀಲಿ ಹಸು ಅಡ್ಡ ಬಂದಿತ್ತು ಕಣೋ."

"ನಮ್ ತೋಟದ್ ದಾರೀಲಾ?"

"ಹೂಂ. ನಾಳೆನೂ ಬರ್ತದೆ, ನಾಡಿದ್ದೂ ಬರ್ತದೆ," ಎಂದ ಸುಮಿತ್ರಮ್ಮ ಅವನಿಗೆ ಮಾತ್ರ ಕೇಳುವಷ್ಟು ದನಿ ತಗ್ಗಿಸಿದರು. "ಗೇಟ್ ಹತ್ರ ಯಾರನ್ನೂ ಕೂರಿಸಿ ಕೂಲಿ ದಂಡ ಮಾಡ್ಬೇಡ."

ಆ ಕೊಯ್ಲಿನಲ್ಲಿ ಅವರ ತೋಟದಿಂದ ಒಂದೇ ಒಂದು ಆಳೂ ಬಿಟ್ಟುಹೋಗಲಿಲ್ಲ. ಕಾರಿನ ಹಾರನ್ ಮಾತ್ರ ಎರಡು ಸಲ ಬದಲಾಯಿಸಬೇಕಾಯಿತು.